ನಿಲ್ಲಿಸಿದಲ್ಲಿಂದ ಶುರು ಮಾಡುವ ಮಿಷಿನು

ಮೂಡುಬಿದಿರೆಯ ಆ ಅಂಗಡಿಯಲ್ಲಿ ಅವತ್ತು ಸಂಜೆ ಇದ್ದವರು ನಾಲ್ಕು ಜನ. ಅಂಗಡಿಯ ಯಜಮಾನರಾದ ಪಡಿವಾಳರು, ಪಾಣೆಮಂಗಳೂರಿನ ನಮ್ಮ ಹಾಜಿಯವರು, ನನ್ನ ಚಿಕ್ಕಮ್ಮ ಮತ್ತು ನಾನು. ಇದು ನನ್ನ ಲೆಕ್ಕ. ಚಿಕ್ಕಮ್ಮನನ್ನು ಕೇಳಿದರೆ ಐದು ಜನ ಅನ್ನುತ್ತಾರೆ. ಅವರು ಹೇಳುವುದು ದೊಡ್ಡದಲ್ಲ, ಪಡಿವಾಳರನ್ನು ಕೇಳಿದರೂ ಐದೇ ಅನ್ನುತ್ತಾರೆ! ಹಾಜಿಯವರನ್ನು ಕೇಳಿದರೆ ಅವರು ಈ ಸಲದ ಮಳೆಯ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ.

ಬೇರೆಯವರ ಮನೆಯ ದೆವ್ವಗಳು ಹುಣಸೆಮರದಲ್ಲೋ ಹಾಳು ಬಾವಿಯಲ್ಲೋ ಇರುತ್ತವೆ. ನಮ್ಮದು ಪಾತ್ರೆ ತೊಳೆಯುವ ಮಿಷಿನಿನಲ್ಲಿತ್ತು. ಏನು ಮಾಡುವುದು ಹೇಳಿ?

ನನ್ನ ಚಿಕ್ಕಮ್ಮನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಡೆಯಲ್ಲಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಅವರಿಗೆ ಇರುವುದು ಒಂದು ಸಿದ್ಧಾಂತ ಮಾತ್ರ. ಮನುಷ್ಯನಾಗಲಿ ಮಿಷಿನಾಗಲಿ, ಅರ್ಧದಲ್ಲಿ ನಿಲ್ಲಿಸಿದರೆ ನಿಲ್ಲಿಸಿದಲ್ಲಿಂದಲೇ ಮತ್ತೆ ಶುರು ಮಾಡಬೇಕು. ಹಾಗೆ ಮಾಡಿದವರು ನಂಬಿಕಸ್ಥರು, ಉಳಿದವರು ಅಲ್ಲ. ಈ ಪರೀಕ್ಷೆಯನ್ನು ಅವರು ಎಲ್ಲರ ಮೇಲೂ ಮಾಡುತ್ತಾರೆ. ನೀವು ಏನಾದರೂ ಹೇಳುತ್ತಿರುವಾಗ ನಡುವೆ ಕೈ ಎತ್ತಿ, "ಸ್ವಲ್ಪ ನಿಲ್ಲು, ಒಲೆ ನೋಡಿ ಬರ್ತೇನೆ" ಎಂದು ಒಳಗೆ ಹೋಗುತ್ತಾರೆ. ಒಲೆಯಲ್ಲಿ ಏನೂ ಇರುವುದಿಲ್ಲ. ಬಂದು ಕೂತು ನಿಮ್ಮ ಬಾಯಿಯನ್ನೇ ನೋಡುತ್ತಾರೆ. "ಎಲ್ಲಿದ್ದೆ ನಾನು?" ಎಂದು ಕೇಳಿದಿರೋ, ಮುಗಿಯಿತು. ನನ್ನ ತಂಗಿಯನ್ನು ನೋಡಲು ಬೆಳ್ತಂಗಡಿಯಿಂದ ಬಂದ ಹುಡುಗನಿಗೂ ಇದೇ ಆಯಿತು. ಅವನು ತನ್ನ ಕೆಲಸದ ಬಗ್ಗೆ ಹೇಳುತ್ತಿದ್ದಾಗ ಚಿಕ್ಕಮ್ಮ ಎದ್ದು ಹೋದವರು ಚಹಾ, ನೇಂದ್ರಬಾಳೆಯ ಚಿಪ್ಸು ಎಲ್ಲ ತಂದು, ಹೊರಗೆ ದನ ಓಡಿಸಿ, ಸಾವಕಾಶವಾಗಿ ಬಂದು ಕೂತರು. ಪಾಪದ ಹುಡುಗ ಚಿಪ್ಸು ನುಂಗಿ, "ಹಾಗೆ ನಮ್ಮ ಮ್ಯಾನೇಜರು ಹೇಳಿದ್ದು ಏನೆಂದರೆ" ಎಂದು ಮುಂದುವರಿಸಿದ. ಚಿಕ್ಕಮ್ಮ ನನ್ನ ಅಮ್ಮನ ಕಡೆ ತಿರುಗಿ ತಲೆಯಾಡಿಸಿದರು. ಜಾತಕ ನೋಡಿದ್ದು ಆಮೇಲೆ. ಇವತ್ತಿಗೂ ಆ ಭಾವ ಮಾತಿಗೆ ಕೂತರೆ ನಿಲ್ಲಿಸುವುದು ಹೇಗೆಂದೇ ನಮಗೆ ತಿಳಿಯುವುದಿಲ್ಲ, ಅದು ಬೇರೆ ವಿಷಯ.

ಈ ಸಿದ್ಧಾಂತ ಹುಟ್ಟಿದ್ದು ಚಿಕ್ಕಮ್ಮನ ಕೈಗಳಿಂದ.

ಮದುವೆಯಾಗಿ ಬಂಟ್ವಾಳ ಪೇಟೆಯ ಆ ಮನೆಗೆ ಬಂದ ಹೊಸತರಲ್ಲೇ ಬೂದಿ, ಹುಣಸೆಹುಳಿ, ತೆಂಗಿನ ನಾರು ಸೇರಿ ಅವರ ಅಂಗೈ ಬಿರಿಯಲು ಶುರುವಾಯಿತಂತೆ. ಬಿರಿದಲ್ಲಿ ರಕ್ತ. ಕಾಣದ ಡಾಕ್ಟರಿಲ್ಲ, ಹಚ್ಚದ ಎಣ್ಣೆಯಿಲ್ಲ. ಕಡೆಗೆ ಒಬ್ಬರು ಕೈಗೆ ನೀರು ತಾಗಿಸಬೇಡಿ ಎಂದರು. ಹೆಂಗಸರಿಗೆ ಕೈಗೆ ನೀರು ತಾಗಿಸಬೇಡಿ ಎನ್ನುವುದೂ ಮೀನಿಗೆ ಹೊಳೆಗೆ ಇಳಿಯಬೇಡ ಎನ್ನುವುದೂ ಒಂದೇ ಅಲ್ಲವೇ? ಆದರೆ ಚಿಕ್ಕಪ್ಪ ಅದನ್ನು ಶಬ್ದಶಃ ತೆಗೆದುಕೊಂಡರು. "ಪಾತ್ರೆ ಇನ್ನು ನನ್ನದು. ನೀನು ಮುಟ್ಟಬಾರದು" ಎಂದರು.

ಚಿಕ್ಕಪ್ಪನಿಗೆ ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇತ್ತು. ಬೆಳಿಗ್ಗೆಯಿಂದ ಸಂಜೆಯ ತನಕ ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂರುವ ಮನುಷ್ಯ. ಮನೆಗೆ ಬರುವಾಗ ಗೇಟಿನ ಹತ್ತಿರ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಗೊರ್ರ್ ಎಂದು. ಒಳಗಿದ್ದ ಚಿಕ್ಕಮ್ಮ ಬೆಚ್ಚಿಬೀಳಬಾರದು ಎಂದು. ಚಿಕ್ಕಮ್ಮ ಒಳಗಿನಿಂದಲೇ ತುಳುವಿನಲ್ಲಿ, "ಬತ್ತರಾ?" ಅನ್ನುತ್ತಿದ್ದರು. ಬಂದಿರಾ ಎಂದು. ಮಳೆಯಿರಲಿ ಬಿಸಿಲಿರಲಿ, ಕೈಯಲ್ಲಿ ಮರದ ಹಿಡಿಯ ಕಪ್ಪು ಛತ್ರಿ. ಊಟ ಆದ ಮೇಲೆ ಅಡುಗೆಮನೆಯ ಬಾಗಿಲು ಹಾಕಿ, ರೇಡಿಯೋ ಜೋರು ಮಾಡಿ, ಪಂಚೆ ಎತ್ತಿ ಕಟ್ಟಿ ಪಾತ್ರೆ ತಿಕ್ಕಲು ಕೂರುತ್ತಿದ್ದರು. ಗಂಡಸು ಪಾತ್ರೆ ತಿಕ್ಕುತ್ತಾನೆಂದು ಪೇಟೆಗೆ ಗೊತ್ತಾದರೆ ಗಡಿಯಾರ ಯಾರು ತಂದುಕೊಡುತ್ತಾರೆ? ಆ ಹೊತ್ತಿಗೆ ಚಿಕ್ಕಮ್ಮ ಜಗಲಿಯಲ್ಲಿ ಕೂತು ನೆರೆಯ ಲಿಲ್ಲಿಬಾಯಿಗೆ ಕೇಳುವಂತೆ, "ಅಬ್ಬಬ್ಬಾ, ರಾಶಿ ಪಾತ್ರೆ ಉಂಟು, ಈಗ ಹೋಗಿ ತಿಕ್ಕಬೇಕಷ್ಟೆ" ಎಂದು ನಿಟ್ಟುಸಿರು ಬಿಡಬೇಕು. ಇದು ಗಂಡಹೆಂಡಿರ ಒಪ್ಪಂದ.

ಹೀಗಿರುವಾಗ, ತೊಂಬತ್ತರ ದಶಕದ ನಡುವೆ, ಗಲ್ಫಿನಿಂದ ಹಿಂದೆ ಬಂದ ಹಾಜಿಯವರ ಮನೆಗೆ ಚಿಕ್ಕಪ್ಪ ಗೋಡೆ ಗಡಿಯಾರ ಸರಿಮಾಡಲು ಹೋದರು. ಜಗಲಿಯ ಮೂಲೆಯಲ್ಲಿ ಬಿಳಿ ಕಬ್ಬಿಣದ ಪೆಟ್ಟಿಗೆಯೊಂದು ಕೂತಿತ್ತು. ಅದರ ಮೇಲೆ ಕೋಳಿ ಕೂತಿತ್ತು. ಹಾಜಿಯವರು ಸಮುದ್ರ ದಾಟಿಸಿ ತಂದ ಪಾತ್ರೆ ತೊಳೆಯುವ ಮಿಷಿನು ಅದು. ಹರಿಯುವ ನೀರು ಕಣ್ಣಿಗೆ ಕಾಣದೆ ತೊಳೆದದ್ದು ತೊಳೆದ ಹಾಗಲ್ಲ ಎಂದು ಹಾಜಿಯವರ ಬೀವಿ ಅದನ್ನು ಹೊಸ್ತಿಲು ದಾಟಿಸಿರಲಿಲ್ಲ. ಚಿಕ್ಕಪ್ಪ ಗಡಿಯಾರ ಬಿಟ್ಟು ಮಿಷಿನಿನ ಹಿಂದಿನ ತಗಡು ಬಿಚ್ಚಿದರು. ಒಳಗೆ ಹಲ್ಲಿನ ಚಕ್ರಗಳಿದ್ದ ಒಂದು ಗುಬುಟು, ಅಂದರೆ ಕೈಯಿಂದ ತಿರುಗಿಸುವ ಗುಂಡಿ. ಅವರ ಮುಖ ಅರಳಿತು. "ಇದು ಗಡಿಯಾರವೇ ಮಾರಾಯ್ರೆ!" ಎಂದರಂತೆ. ಸಂಜೆ ಅದು ಹಾಜಿಯವರ ಓಮ್ನಿಯಲ್ಲಿ ನೇತ್ರಾವತಿಯ ಸೇತುವೆ ದಾಟಿ ಬಂಟ್ವಾಳಕ್ಕೆ ಬಂತು.

ಚಿಕ್ಕಮ್ಮ ಬಾಗಿಲಲ್ಲೇ ತಡೆದರು. ಅನ್ನ ಬೇಯಿಸಿದ ಪಾತ್ರೆ ಮುಸುರೆ, ಉಂಡ ಬಟ್ಟಲು ಎಂಜಲು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬಾಗಿಲು ಹಾಕಿ ತೊಳೆಯುವ ಕ್ರಮ ನಮ್ಮಲ್ಲಿ ಎಲ್ಲುಂಟು? ಚಿಕ್ಕಪ್ಪ ಮಿಷಿನಿನ ಬಾಗಿಲು ತೆರೆದು ಮೇಲಿನ ಮಾಳಿಗೆ ಮುಸುರೆಗೆ, ಕೆಳಗಿನ ಮಾಳಿಗೆ ಎಂಜಲಿಗೆ ಎಂದು ತೋರಿಸಿದರು.

"ನೀರು ಒಂದೇ ಅಲ್ವಾ?"

"ನೇತ್ರಾವತಿಯ ನೀರು ಮಾತ್ರ ಮನೆಗೊಂದು ಬೇರೆ ಬೇರೆ ಬರ್ತದಾ?"

ಚಿಕ್ಕಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಮಿಷಿನು ಒಳಗೆ ಬಂತು. ಅದಕ್ಕೆ ಹಾಕಬೇಕಾದ ಪುಡಿ ಊರಿನಲ್ಲಿ ಸಿಗದೆ ಚಿಕ್ಕಪ್ಪ ಬಟ್ಟೆ ಸೋಪನ್ನು ತೆಂಗಿನಕಾಯಿಯ ಹಾಗೆ ತುರಿದು ಹಾಕಿದ ದಿನ ನೊರೆ ಅಡುಗೆಮನೆ ತುಂಬಿ, ಜಗಲಿಗೆ ಬಂದು, ಮೆಟ್ಟಿಲಿಳಿದು ಲಿಲ್ಲಿಬಾಯಿಯ ಅಂಗಳಕ್ಕೆ ಹೋಯಿತು. ಅವರ ಬಾತುಕೋಳಿಗಳು ಮಾತ್ರ ಖುಷಿಯಾಗಿದ್ದವು.

ಈಗ ಮಿಷಿನಿನ ಮುಖ್ಯ ಗುಣಕ್ಕೆ ಬರುತ್ತೇನೆ. ಕರೆಂಟು ಹೋದರೆ ಅದು ನಿಲ್ಲುತ್ತಿತ್ತು. ಬಂದರೆ, ಯಾರೂ ಮುಟ್ಟದೆ, ನಿಲ್ಲಿಸಿದಲ್ಲಿಂದಲೇ ಶುರು ಮಾಡುತ್ತಿತ್ತು. ಗುಬುಟಿನೊಳಗಿನ ಚಕ್ರ ಎಲ್ಲಿ ನಿಂತಿತ್ತೋ ಅಲ್ಲೇ ಕಾದಿರುತ್ತಿತ್ತು, ಅಷ್ಟೇ. ಆದರೆ ಶುರು ಮಾಡುವ ಮೊದಲು ಒಳಗೆ ಉಳಿದ ನೀರನ್ನು ಎಳೆದುಕೊಳ್ಳುವಾಗ ಒಂದು ಸದ್ದು ಮಾಡುತ್ತಿತ್ತು. ಗೊರ್ರ್. ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ಬಟ್ಟಲಿಗೆ ಬಟ್ಟಲು ತಾಗುವ ಸಣ್ಣ ಸದ್ದು. ಲಿಲ್ಲಿಬಾಯಿ ಒಮ್ಮೆ ಚಿಕ್ಕಮ್ಮನ ಜೊತೆ ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದರು. ಮನೆಗೆ ಬೀಗ ಹಾಕಿತ್ತು, ಚಿಕ್ಕಪ್ಪ ಅಂಗಡಿಯಲ್ಲಿದ್ದರು. ಮುಚ್ಚಿದ ಅಡುಗೆಮನೆಯೊಳಗೆ ಒಬ್ಬ ಗಂಡಸು ಗಂಟಲು ಸರಿಮಾಡಿ ಪಾತ್ರೆ ತೊಳೆಯತೊಡಗಿದ. ಲಿಲ್ಲಿಬಾಯಿ ಕೊಡವನ್ನು ಅಲ್ಲೇ ಬಿಟ್ಟು ಹೋದವರು ಮರುದಿನವೂ ಅದನ್ನು ತೆಗೆದುಕೊಂಡು ಹೋಗಲು ಬರಲಿಲ್ಲ. ಆಮೇಲಿಂದ ಮೀನು ಮಾರುವವಳು ಬುಟ್ಟಿಯನ್ನು ರಸ್ತೆಯಲ್ಲೇ ಇಳಿಸಿ ಅಲ್ಲಿಂದಲೇ ಕೂಗುತ್ತಿದ್ದಳು. ಗಂಡಹೆಂಡಿರು ರಾತ್ರಿ ಊಟಕ್ಕೆ ಕೂತು ಇದನ್ನು ಹೇಳಿಕೊಂಡು ನಗುತ್ತಿದ್ದರು.

ಆ ನಗು ನಿಂತದ್ದು ಒಂದು ಮಧ್ಯಾಹ್ನ.

ಊಟವಾಗಿತ್ತು. ಚಿಕ್ಕಪ್ಪ ಪಾತ್ರೆಗಳನ್ನು ಮಿಷಿನಿಗೆ ತುಂಬಿ ಗುಬುಟು ತಿರುಗಿಸಿದರು. ಸ್ವಲ್ಪದರಲ್ಲೇ ಕರೆಂಟು ಹೋಯಿತು. ಅವರಿಗೆ ಬೆಳ್ತಂಗಡಿಗೆ ಹೋಗುವುದಿತ್ತು, ಯಾರದೋ ಹಳೆಯ ಗಡಿಯಾರ ಕೊಡಲು. "ಕರೆಂಟು ಬಂದರೆ ಅದು ಅದರಷ್ಟಕ್ಕೆ ತೊಳೀತದೆ. ನೀನು ತೆಗೆಯಲಿಕ್ಕೆ ಹೋಗಬೇಡ, ಕೈ ಒದ್ದೆ ಆಗ್ತದೆ. ನಾನು ಬಂದು ಮುಗಿಸ್ತೇನೆ" ಎಂದರು. ಛತ್ರಿ ತೆಗೆದುಕೊಂಡು ಹೊರಟರು.

ಸಂಜೆ ಚಿಕ್ಕಮ್ಮ ಚಾವಡಿಯಲ್ಲಿ ಹೂ ಕಟ್ಟುತ್ತಿದ್ದರು. ಒಳಗೆ ಗೊರ್ರ್ ಎಂದು ಗಂಟಲು ಸರಿಮಾಡಿದ ಸದ್ದು. "ಬತ್ತರಾ?" ಎಂದರು ಚಿಕ್ಕಮ್ಮ. ಉತ್ತರ ಬರಲಿಲ್ಲ. ಬಟ್ಟಲುಗಳ ಸದ್ದು ಬಂತು. ಓ, ಕರೆಂಟು, ಎಂದುಕೊಂಡು ಮತ್ತೆ ಹೂವಿಗೆ ಕೈ ಹಾಕಿದರಂತೆ. ಅದೇ ಹೊತ್ತಿಗೆ ಗುರುವಾಯನಕೆರೆಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದ ಚಿಕ್ಕಪ್ಪನನ್ನು ಕಂಡಕ್ಟರು ಎಬ್ಬಿಸುತ್ತಿದ್ದ. ಅವರು ಏಳಲಿಲ್ಲ.

ಅವರ ಜೊತೆ ಛತ್ರಿಯೂ ಮನೆಗೆ ಬಂತು. ಚಿಕ್ಕಮ್ಮ ಅದನ್ನು ಅಡುಗೆಮನೆಯ ಹಿಂಬಾಗಿಲ ಮೊಳೆಗೆ ತೂಗುಹಾಕಿದರು. ಮಿಷಿನಿನೊಳಗೆ ತೊಳೆದ ಪಾತ್ರೆಗಳು ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವವರೆಗೆ ಹಾಗೇ ಇದ್ದವು. ಯಾರನ್ನೂ ತೆಗೆಯಲು ಬಿಡಲಿಲ್ಲ. ಹದಿಮೂರನೆಯ ದಿನದ ಅಡುಗೆಗೆ ಲಿಲ್ಲಿಬಾಯಿಯ ಮನೆಯಿಂದ ಪಾತ್ರೆ ತಂದದ್ದು.

ಅಲ್ಲಿಂದ ಮುಂದಿನದ್ದು ನಮಗೆಲ್ಲ ಸ್ವಲ್ಪ ಹೆದರಿಕೆಯ ಕಾಲ. ಕರೆಂಟು ತೆಗೆಯುವ ಹೊತ್ತನ್ನು ಪೇಪರಿನಲ್ಲಿ ನೋಡಿ ಊರವರೆಲ್ಲ ಅದಕ್ಕಿಂತ ಮೊದಲು ಕೆಲಸ ಮುಗಿಸಲು ಓಡಾಡುತ್ತಾರಲ್ಲ, ಚಿಕ್ಕಮ್ಮ ಸರಿಯಾಗಿ ಅದಕ್ಕೆ ಸ್ವಲ್ಪ ಮೊದಲು ಮಿಷಿನು ಶುರು ಮಾಡುತ್ತಿದ್ದರು! ಕರೆಂಟು ಹೋದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದರು. ನಾನು ಒಮ್ಮೆ ಹಾಗೆ ಅವರ ಪಕ್ಕದಲ್ಲಿ ಕೂತಿದ್ದೇನೆ. ಮಬ್ಬುಗತ್ತಲೆ, ಹೊರಗೆ ಹೊಳೆಯ ಕಡೆಯಿಂದ ಗಾಳಿ, ಮೊಳೆಯಲ್ಲಿ ಛತ್ರಿ ಮೆಲ್ಲಗೆ ಗೋಡೆಗೆ ತಾಗುತ್ತಿತ್ತು. ಆಗ ಕತ್ತಲೆಯ ಒಳಗಿನಿಂದ ಗೊರ್ರ್. ಚಿಕ್ಕಮ್ಮ, "ಬತ್ತರಾ?" ಎಂದರು, ತೀರಾ ಸಹಜವಾಗಿ. ನಾನು ಡಿಗ್ರಿ ಮಾಡಿದವನು, ಪಂಪು ನೀರು ಎಳೆಯುವ ಸದ್ದು ಅದು ಎಂದು ಬಲ್ಲವನು. ಆದರೂ ಅವತ್ತು ನನ್ನ ಚಪ್ಪಲಿ ಎಡದ್ದು ಬಲಗಾಲಿನಲ್ಲಿತ್ತು, ಅದು ಮನೆಗೆ ತಲುಪಿದ ಮೇಲೆ ಗೊತ್ತಾಯಿತು.

ಆಟಿ, ಅಂದರೆ ಆಷಾಢದ, ಅಮಾವಾಸ್ಯೆಯ ದಿನ ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಹಾಕಿ ಮನೆಯವರೆಲ್ಲ ಹೊರಗೆ ಸುಮ್ಮನೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಮೊದಲ ವರ್ಷ ಎಲ್ಲರೂ ಸೇರಿದ್ದೆವು. ಬಾಗಿಲು ಹಾಕಿಯಾಗಿತ್ತು. ಹೊರಗೆ ಮಳೆ, ಒಳಗೆ ಕರೆಂಟಿಲ್ಲ, ಒಂದು ದೀಪ. ಮಕ್ಕಳು ಕೂಡ ಉಸಿರು ಬಿಡುತ್ತಿರಲಿಲ್ಲ. ಲೈಟುಗಳ ಸ್ವಿಚ್ಚು ಆರಿಸಿದ್ದರಿಂದ ಕರೆಂಟು ಬಂದದ್ದು ನಮಗೆ ತಿಳಿಯಲಿಲ್ಲ, ಅಡುಗೆಮನೆಯೊಳಗೆ ಗಂಟಲು ಸರಿಮಾಡಿದ ಸದ್ದು ಬಂತು. ಬಟ್ಟಲುಗಳು ಅಲುಗಾಡಿದವು. ನನ್ನ ಅಮ್ಮ, ತಂಗಿ, ಭಾವ, ನಾನು, ಎಲ್ಲರೂ ಮಳೆಯಲ್ಲಿ ಅಂಗಳದಲ್ಲಿದ್ದೆವು. ಮಾತು ನಿಲ್ಲಿಸದ ಭಾವನ ಮಾತು ಅವತ್ತೊಂದು ದಿನ ನಿಂತಿತ್ತು! ಚಿಕ್ಕಮ್ಮ ಮಾತ್ರ ಕೂತಲ್ಲಿಂದ ಏಳದೆ ನಮ್ಮನ್ನು ನೋಡಿದರು. "ಹೆದರುವುದು ಎಂಥಕ್ಕೆ? ಊಟ ಆಯ್ತು ಕಾಣ್ತದೆ. ಈಗ ಪಾತ್ರೆ ತೊಳೀತಿದ್ದಾರೆ."

ಒದ್ದೆಯಾಗಿ ನಿಂತ ನಮ್ಮಲ್ಲಿ ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ.

ಹೀಗೆ ವರ್ಷಗಳು ಹೋದವು. ಕಬ್ಬಿಣಕ್ಕೆ ಎಷ್ಟು ಆಯುಷ್ಯ? ಹೊಳೆಯ ತೇವಕ್ಕೆ ತಳ ತುಕ್ಕು ಹಿಡಿಯಿತು, ನೀರು ಸೋರಿತು, ಕಡೆಗೆ ಒಂದು ಬೇಸಗೆಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಅದು ಶುರುವಾಗಲಿಲ್ಲ. ಚಿಕ್ಕಮ್ಮ ಹೊಸ್ತಿಲಲ್ಲಿ ಕಾದರು. ಮರುದಿನವೂ ಕಾದರು. ಮಂಗಳೂರಿನಿಂದ ಬಂದ ರಿಪೇರಿಯವನು ಗುಬುಟಿನ ಚಕ್ರದ ಹಲ್ಲು ಸವೆದಿದೆ, ಇದಕ್ಕೆ ಸಾಮಾನು ಈಗ ಎಲ್ಲಿಯೂ ಇಲ್ಲ ಎಂದ. ಊರಲ್ಲಿ ಹಲ್ಲಿನ ಚಕ್ರ ಕೊರೆದುಕೊಡಬಲ್ಲವರು ಒಬ್ಬರೇ ಇದ್ದರು. ಅವರ ಫೋಟೋ ಗೋಡೆಯಲ್ಲಿತ್ತು.

ಚಿಕ್ಕಮ್ಮ ನಮಗೆ ಹೇಳಿಕಳಿಸಿದರು. ಹೊಸ ಮಿಷಿನು ಬೇಕು. ಕಂಪೆನಿ ಯಾವುದಾದರೂ ಆಗಬಹುದು, ಬಣ್ಣ ಯಾವುದಾದರೂ ಆಗಬಹುದು. ಕರೆಂಟು ಹೋಗಿ ಬಂದರೆ ಬಿಟ್ಟ ಕೆಲಸ ಅದರಷ್ಟಕ್ಕೆ ಮುಗಿಸಬೇಕು. ಆಟಿಗಿಂತ ಮೊದಲು ಆಗಬೇಕು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರಿಗೆ ಬೇಕಾದದ್ದು ಮಿಷಿನಲ್ಲ, ಆ ಗಂಟಲಿನ ಸದ್ದು ಎಂದು ನಮಗೆ ಅನಿಸಿತ್ತು. ಸದ್ದಿಲ್ಲದ ಮಿಷಿನು ತಂದು ಈ ಕತೆ ಮುಗಿಸಿಬಿಡುವ ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದರು.

ಬಂಟ್ವಾಳದಲ್ಲಿ ಪಾತ್ರೆ ತೊಳೆಯುವ ಮಿಷಿನು ಎರಡು ಅಂಗಡಿಗಳಲ್ಲಿತ್ತು, ಎರಡೂ ಕಂಪ್ಯೂಟರಿನವು. ಗುಬುಟಿಲ್ಲ, ಒತ್ತುವ ಗುಂಡಿಗಳು, ಮಿನುಗುವ ಅಂಕೆಗಳು. ಸೇಲ್ಸಿನವನು ಅದರ ಬುದ್ಧಿವಂತಿಕೆಯನ್ನು ಪಾಠದ ಹಾಗೆ ಒಪ್ಪಿಸುತ್ತಿದ್ದಾಗ ಚಿಕ್ಕಮ್ಮ ಹಿಂದಿನಿಂದ ಹೋಗಿ ಪ್ಲಗ್ಗು ಎಳೆದರು. ಮತ್ತೆ ಸಿಕ್ಕಿಸಿದರು. ಮಿಷಿನು ಒಮ್ಮೆ ಕೀಂ ಎಂದಿತು, ಎಲ್ಲ ಅಂಕೆಗಳೂ ಸೊನ್ನೆಯಾದವು. ಸೇಲ್ಸಿನವನೂ ಎಲ್ಲಿ ನಿಲ್ಲಿಸಿದ್ದೆನೆಂದು ಮರೆತು ಬಾಯಿ ತೆರೆದು ನಿಂತಿದ್ದ. "ಇಬ್ಬರಿಗೂ ಮರೆವು ಉಂಟು. ಹೋಗುವ" ಎಂದರು ಚಿಕ್ಕಮ್ಮ.

ಬೆಳ್ತಂಗಡಿಯ ಅಂಗಡಿಯವರ ಹತ್ತಿರ ಪಾತ್ರೆಯದ್ದೇ ಇರಲಿಲ್ಲ. ಅವರು ಬಟ್ಟೆ ಒಗೆಯುವುದನ್ನು ತೋರಿಸಿದರು, ಫ್ರಿಜ್ಜು ತೋರಿಸಿದರು, ಕಡೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗ್ರೈಂಡರು ಶುರು ಮಾಡಿ ತೋರಿಸಿದರು. ಚಿಕ್ಕಮ್ಮ ಅದರ ಪ್ಲಗ್ಗನ್ನೂ ಎಳೆದು ಸಿಕ್ಕಿಸಿದರು. ಗ್ರೈಂಡರು ನಿಂತಲ್ಲಿಂದಲೇ ತಿರುಗಿತು. ಅವರು ಅದರ ತಲೆ ನೇವರಿಸಿ, "ಇದು ಒಳ್ಳೆಯದು. ಆದರೆ ಇದರ ಕೆಲಸ ಬೇರೆ" ಎಂದರು. ಅಷ್ಟು ಹೊತ್ತಿಗೆ ಸುದ್ದಿ ಹರಡಿ, ಪ್ಲಗ್ಗು ಎಳೆಯುವ ಅಮ್ಮ ಬರುತ್ತಿದ್ದಾರೆಂದರೆ ಅಂಗಡಿಯವರು ಎಲ್ಲ ಸ್ವಿಚ್ಚು ತಾವೇ ಆರಿಸಿ ಕೂರತೊಡಗಿದ್ದರು.

ಮೂಡುಬಿದಿರೆಯ ಪಡಿವಾಳರ ಹತ್ತಿರ ಗುಬುಟಿನ ಹಳೆಯ ಮಾದರಿಯದ್ದೊಂದು ಮಿಷಿನು ಗೋಡೌನಿನಲ್ಲಿ ಉಂಟೆಂದು ಪತ್ತೆ ಮಾಡಿದವರು ಹಾಜಿಯವರು. ಯಾರೋ ಆರ್ಡರು ಕೊಟ್ಟು ತೆಗೆದುಕೊಳ್ಳದೆ ಹೋದದ್ದಂತೆ. ಮಳೆ ಹಿಡಿದ ಮೇಲಿನ ಒಂದು ಸಂಜೆ ಓಮ್ನಿಯಲ್ಲಿ ಸಿದ್ದಕಟ್ಟೆಯ ದಾರಿಯಾಗಿ ಹೋದೆವು. ಪಡಿವಾಳರು ಜೈನರು, ಕತ್ತಲಾಗುವ ಮೊದಲು ಊಟ ಮುಗಿಸುವವರು. ನಾವು ಹೋದಾಗ ಅವರು ಶಟರಿಗೆ ಕೈ ಹಾಕಿದ್ದರು. ಆದರೂ ಪಾಪ, ಒಳಗೆ ಕರೆದು, ಪಕ್ಕದ ಹೋಟೆಲಿಗೆ ಚಹಾ ಕೂಗಿ ಹೇಳಿ, ಮಿಷಿನಿನ ಮೇಲಿನ ಬಟ್ಟೆ ತೆಗೆದರು. ನೀರಿನ ಪೈಪು ಜೋಡಿಸಿ ಗುಬುಟು ತಿರುಗಿಸಿದರು. ಮಿಷಿನು ಸುಯ್ಯೆಂದು ಶುರುವಾಯಿತು. ಚಿಕ್ಕಮ್ಮ ಎದ್ದು ಪ್ಲಗ್ಗಿನ ಕಡೆ ಕೈ ಚಾಚಿದರು.

ಕೈ ತಾಗಲಿಲ್ಲ. ಅದಕ್ಕಿಂತ ಮೊದಲೇ ಕರೆಂಟು ತಾನಾಗಿ ಹೋಯಿತು. ಅಂಗಡಿಯದ್ದು ಮಾತ್ರವಲ್ಲ, ಇಡೀ ಬೀದಿಯದ್ದು.

ಮೋಡದ ಸಂಜೆ. ತಗಡಿನ ಮಾಡಿನ ಮೇಲೆ ಮಳೆ. ಸುತ್ತಲೂ ಫ್ರಿಜ್ಜುಗಳು ಬಿಳಿ ಬಟ್ಟೆ ಹೊದ್ದು ನಿಂತವರ ಹಾಗೆ ಕಾಣುತ್ತಿದ್ದವು. ಹೋಟೆಲಿನವನು ಮೇಣದ ಬತ್ತಿ ಹಿಡಿದು ಬಂದು ಚಹಾದ ಲೋಟಗಳನ್ನು ಮಿಷಿನಿನ ಮೇಲೆ ಇಟ್ಟು ಹೋದ. ನಾವು ಒಂದೊಂದು ತೆಗೆದುಕೊಂಡೆವು. ಒಂದು ಉಳಿಯಿತು.

"ಐದು ಹೇಳಿದ್ದಾ ನೀವು?" ಎಂದರು ಹಾಜಿಯವರು.

"ಹೌದಲ್ಲ, ನನ್ನನ್ನೂ ಸೇರಿಸಿ ಐದು ಜನ ಅಲ್ವಾ?" ಪಡಿವಾಳರು ಬಾಗಿಲ ಕಡೆ ನೋಡಿದರು. "ಅಲ್ಲಿ ಛತ್ರಿ ಹಿಡಿದು ನಿಂತಿದ್ರಲ್ಲ, ಪ್ರಾಯದವರು. ಎಲ್ಲಿ ಹೋದರು ಅವರು?"

ಬಾಗಿಲಲ್ಲಿ ಯಾರೂ ಇರಲಿಲ್ಲ. ಮಳೆಗೆ ನಿಂತ ದಾರಿಹೋಕ ಯಾರೋ ಇರಬೇಕು, ಬಸ್ಸು ಬಂದಿರಬೇಕು, ಹೋಗಿರಬೇಕು. ಹಾಗೆಂದು ಹೇಳಲು ಹೊರಟವನು ನಾನು ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡೆ. ಹಾಜಿಯವರು ತುಟಿಯಲ್ಲೇ ಏನೋ ಪಠಿಸುತ್ತಿದ್ದರು. ಚಿಕ್ಕಮ್ಮ ಉಳಿದ ಲೋಟವನ್ನು ಬಾಗಿಲ ಕಡೆಗೆ ಸ್ವಲ್ಪ ಸರಿಸಿದರು, ನೆಂಟರ ಮುಂದೆ ಸರಿಸುವ ಹಾಗೆ. ಮತ್ತೆ ಕೂತು ಕಾದರು.

ಎಷ್ಟು ಹೊತ್ತಾಯಿತೋ. ಕರೆಂಟು ಬಂತು. ಫ್ಯಾನುಗಳು ತಿರುಗಿದವು, ಗೋಡೆಯ ಟೀವಿಗಳೆಲ್ಲ ಒಟ್ಟಿಗೇ ನಗತೊಡಗಿದವು. ಮಿಷಿನು ಸುಮ್ಮನಿತ್ತು. ನಾನು ಚಿಕ್ಕಮ್ಮನ ಮುಖ ನೋಡಿದೆ. ಆ ಮುಖವನ್ನು ನಾನು ಮೊದಲು ಒಮ್ಮೆ ಮಾತ್ರ ನೋಡಿದ್ದೆ, ಗುರುವಾಯನಕೆರೆಯಿಂದ ಜೀಪು ಬಂದ ದಿನ. ಪಡಿವಾಳರು ಹೋಗಿ ಟೀವಿಗಳನ್ನು ಆರಿಸಿದರು. ಆಗ ಮಿಷಿನಿನ ಒಳಗೆ ಏನೋ ಕಟ್ಟೆಂದಿತು. ನೀರು ಸುಯ್ಯೆಂದಿತು. ಬಿಟ್ಟಲ್ಲಿಂದ ಶುರುವಾಯಿತು. ಗಂಟಲಿನ ಸದ್ದು ಬರಲಿಲ್ಲ.

"ಬತ್ತರಾ?" ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. "ಇದು ಆಗಬಹುದು" ಎಂದರು, ಅಷ್ಟೇ.

ಆಮೇಲೆ ಉಳಿದ ಚಹಾವನ್ನು ಹೊರಗೆ ಮಳೆಗೆ ಚೆಲ್ಲಿ, ಆ ಲೋಟವನ್ನು ತಂದು ಮಿಷಿನಿನ ಕೆಳಗಿನ ಮಾಳಿಗೆಯಲ್ಲಿ, ಎಂಜಲಿನ ಕಡೆ, ಇಟ್ಟರು. ಯಾರೂ ಕುಡಿಯದ ಲೋಟ ಯಾಕೆ ತೊಳೆಯುವುದು ಎಂದು ನಾನು ಕೇಳಿದೆ. ಲೋಟ ತುಂಬ ಚಹಾ ಇದ್ದದ್ದನ್ನು, ಮೇಲೆ ಕೆನೆ ಕಟ್ಟಿದ್ದನ್ನು ನಾನೇ ನೋಡಿದ್ದೆ.

"ಆಟಿಯಲ್ಲಿ ಎಲೆಗೆ ಬಡಿಸಿದ್ದು ಕಡಿಮೆ ಆಗ್ತದಾ? ಆದರೂ ಅದು ಎಂಜಲಲ್ವಾ?" ಎಂದರು.

ಪಡಿವಾಳರು ಅವತ್ತು ಊಟ ಮಾಡಲಿಲ್ಲ. ಹೊತ್ತು ಮೀರಿತ್ತು ಎಂದರು. ಹೊತ್ತು ಮಾತ್ರವೇ ಕಾರಣವೋ ನನಗೆ ಗೊತ್ತಿಲ್ಲ.

ಮಿಷಿನು ಬಂಟ್ವಾಳಕ್ಕೆ ಬಂತು. ಜೋಡಿಸಿಯಾದ ದಿನ ಅಮ್ಮ, ಹಾಜಿಯವರು, ನಾನು ಅಡುಗೆಮನೆಯಲ್ಲಿದ್ದೆವು. ಲಿಲ್ಲಿಬಾಯಿ ಕಿಟಕಿಯ ಹೊರಗೆ, ಅಂದರೆ ಓಡಲು ಅನುಕೂಲವಾಗುವಲ್ಲಿ. ಚಿಕ್ಕಮ್ಮ ಎಂದಿನಂತೆ ಕರೆಂಟು ತೆಗೆಯುವ ಹೊತ್ತಿಗೆ ಸ್ವಲ್ಪ ಮೊದಲು ಶುರು ಮಾಡಿದರು. ಕರೆಂಟು ಹೋಯಿತು. ಕಾದೆವು. ಬಂತು. ಮಿಷಿನು ಬಿಟ್ಟ ಕೆಲಸ ಹಿಡಿಯಿತು, ಮುಗಿಸಿತು, ನಿಂತಿತು. ಚಿಕ್ಕಮ್ಮ ಬಾಗಿಲು ತೆರೆದು ಒಂದು ಬಟ್ಟಲು ತೆಗೆದರು. ಬಿಸಿಯಾಗಿ ಒಣಗಿತ್ತು. ಹಳೆಯದರ ಹಾಗೆ ನೀರು ತೊಟ್ಟಿಕ್ಕುತ್ತಿರಲಿಲ್ಲ. ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಆ ಅಂಗೈಯನ್ನು ಹಿಂಬಾಗಿಲ ಕಡೆಗೆ ಎತ್ತಿ ತೋರಿಸಿದರು.

"ನೋಡಿದ್ರಲ್ಲ" ಎಂದರು, ನಮಗಲ್ಲ. "ಇದು ಬಿಟ್ಟಲ್ಲಿಂದ ಮಾಡ್ತದೆ. ನನ್ನ ಕೈ ಒದ್ದೆ ಆಗುವುದಿಲ್ಲ. ನೀವು ಇನ್ನು ಇದಕ್ಕಾಗಿ ಕಾಯುವುದು ಬೇಡ."

ಮೊಳೆಯಿಂದ ಛತ್ರಿ ತೆಗೆದು, ಧೂಳು ಒರೆಸಿ, ಹಿಂಬಾಗಿಲು ತೆರೆದು ಮೆಟ್ಟಿಲಿಗೆ ಒರಗಿಸಿಟ್ಟರು. "ಮಳೆ ಉಂಟು. ಹಿಡಿದುಕೊಂಡು ಹೋಗಿ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಇಷ್ಟು ವರ್ಷ ನಾವು ತಿಳಿದದ್ದು ಚಿಕ್ಕಮ್ಮ ಚಿಕ್ಕಪ್ಪನನ್ನು ಹಿಡಿದಿಟ್ಟುಕೊಂಡಿದ್ದಾರೆ ಎಂದು. ಚಿಕ್ಕಮ್ಮ ಊರೂರು ಅಲೆದು ಪ್ಲಗ್ಗು ಎಳೆದದ್ದು ಅವರನ್ನು ಕಳಿಸಿಕೊಡಲಿಕ್ಕಾಗಿತ್ತು. ಬಂದು ಮುಗಿಸ್ತೇನೆ ಎಂದು ಹೋದ ಮನುಷ್ಯ, ಕೆಲಸ ಅರ್ಧದಲ್ಲಿ ಬಿಟ್ಟು ಹೋಗುವವರಲ್ಲ. ನಂಬಿಕೆಯ ಕೈಗೆ ಅದನ್ನು ಒಪ್ಪಿಸದೆ ಅವರಿಗೆ ಬಿಡುಗಡೆ ಎಲ್ಲಿತ್ತು?

ಬೆಳಿಗ್ಗೆ ಮೆಟ್ಟಿಲಲ್ಲಿ ಛತ್ರಿ ಇರಲಿಲ್ಲ. ಹೊಳೆಗೆ ಹೋಗುವ ದಾರಿ ಅದು. ಮಳೆಗಾಲದಲ್ಲಿ ಹೊರಗಿಟ್ಟ ಛತ್ರಿ ಉಳಿಯುವ ಊರು ಯಾವುದುಂಟು? ಯಾರೋ ಕೊಂಡುಹೋಗಿರಬಹುದು.

ಆ ವರ್ಷದ ಆಟಿ ಅಮಾವಾಸ್ಯೆಗೆ ಎಂದಿನಂತೆ ಒಳಕೋಣೆಯಲ್ಲಿ ಎಲೆ ಹಾಕಿದರು. ಎಲೆಯ ಪಕ್ಕದಲ್ಲಿ ಒಂದು ಲೋಟ ಚಹಾ ಇಟ್ಟು ಬಾಗಿಲು ಹಾಕಿದರು. ಕರೆಂಟು ಹೋಗಿ ಬಂತು. ಅಡುಗೆಮನೆಯಿಂದ ಗಂಟಲು ಸರಿಮಾಡಿದ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಮ್ಮ ಬಾಗಿಲು ತಟ್ಟಿ ತೆರೆದು, ಚಹಾವನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ಲೋಟವನ್ನು ನಾನು ಮಿಷಿನಿಗೆ ಹಾಕಲು ಕೈ ಚಾಚಿದೆ. ಅವರು ಕೊಡಲಿಲ್ಲ. "ಇದು ಅವರ ಲೋಟ. ಇದೊಂದು ನನಗಿರಲಿ" ಎಂದರು. ಬಾವಿಕಟ್ಟೆಗೆ ಹೋಗಿ, ಬೂದಿ ತೆಗೆದುಕೊಂಡು, ಅದೊಂದನ್ನು ಕೈಯಲ್ಲೇ ತೊಳೆದು ತಂದರು.